ಬಲ್ಬು, ಪ್ಲಗ್ಗು, ಸ್ವಿಚ್ಚಿನ ಹಿಂದಿನ ಮಾಡ್ಯೂಲು: ನಮ್ಮ ಮನೆಗೆ ಒಗ್ಗಿದ್ದು ಯಾವುದು?

ನಮ್ಮದು ಮೈಸೂರಿನಲ್ಲಿರುವ ಹಳೆಯ ಮನೆ. ಮಂಡಿ ನೋವಿನ ಅಪ್ಪ, ಬೆಳಿಗ್ಗೆ ಬೇಗ ಏಳುವ ಅಮ್ಮ, ನಾವಿಬ್ಬರು, ರಾತ್ರಿ ಓದುವ ಮಗಳು. ಜೊತೆಗೆ ದಿನಾ ಕೆಲಸಕ್ಕೆ ಬರುವ ಅಕ್ಕ. ಇವರಲ್ಲಿ ಫೋನ್ ಹಿಡಿದು ಲೈಟ್ ಹಾಕುವವರು ಇಬ್ಬರೇ. ಉಳಿದವರ ಕೈ ಗೋಡೆಯ ಸ್ವಿಚ್ಚಿಗೇ ಹೋಗುತ್ತದೆ. ಹಾಗಾಗಿ ಫೋನಿನಿಂದಲೂ ನಡೆಸಬಹುದಾದ ಯಾವ ಸ್ಮಾರ್ಟ್ ಸಾಮಾನು ತಂದರೂ ನಾನು ಮೊದಲು ನೋಡಿದ್ದು ಒಂದೇ: ಗೋಡೆಯ ಸ್ವಿಚ್ ಮೊದಲಿನ ಹಾಗೇ ಕೆಲಸ ಮಾಡುತ್ತದಾ?

ಸ್ಮಾರ್ಟ್ ಬಲ್ಬು ಇಲ್ಲೇ ಸೋಲುತ್ತದೆ. ಹಾಕುವುದು ಎಲ್ಲಕ್ಕಿಂತ ಸುಲಭ. ಹಳೇ ಹೋಲ್ಡರಿಗೇ ಕೂರುತ್ತದೆ, ಎಲೆಕ್ಟ್ರಿಷಿಯನ್ ಬೇಡ. ಆದರೆ ಅದಕ್ಕೆ ಸದಾ ಕರೆಂಟ್ ಬರುತ್ತಿರಬೇಕು. ಯಾರಾದರೂ ಗೋಡೆಯಲ್ಲಿ ಆರಿಸಿದರೆ ಬಲ್ಬಿಗೆ ಜೀವವೇ ಇರುವುದಿಲ್ಲ, ಫೋನಿನಲ್ಲಿ ಎಷ್ಟು ಒತ್ತಿದರೂ ಪ್ರಯೋಜನವಿಲ್ಲ. ಹಜಾರ ಗುಡಿಸಿ ಸ್ವಿಚ್ ಆರಿಸಿ ಹೋಗುವ ಅಕ್ಕನಿಗೆ ಆರಿಸಬೇಡಿ ಎನ್ನಲು ನನಗೆ ಮನಸ್ಸಾಗಲಿಲ್ಲ. ಅವರು ಮಾಡುತ್ತಿರುವುದು ಒಳ್ಳೆಯ ಅಭ್ಯಾಸ, ಅಲ್ವಾ? ಇನ್ನೊಂದು ತೊಂದರೆ ರಾತ್ರಿಯದು. ಹೋದ ಕರೆಂಟ್ ನಡುರಾತ್ರಿ ಬಂದಾಗ ಬಲ್ಬು ಪೂರ್ತಿ ಬೆಳಕಿನಲ್ಲಿ ಹೊತ್ತಿಕೊಳ್ಳುತ್ತದೆ. ಹಿಂದಿನ ಸ್ಥಿತಿಗೇ ಮರಳುವಂತೆ ಆ್ಯಪಿನಲ್ಲಿ ಬದಲಿಸಬಹುದು. ಕೊಳ್ಳುವಾಗ ಆ ಸೌಲಭ್ಯ ಇದೆಯಾ ಎಂದು ಕೇಳಿ. ನಮ್ಮಲ್ಲಿ ಬಲ್ಬು ಉಳಿದಿರುವುದು ಮಗಳ ಮೇಜಿನ ದೀಪದಲ್ಲಿ ಮಾತ್ರ. ಓದುವಾಗ ಬಿಳಿ ಬೆಳಕು, ಮಲಗುವ ಹೊತ್ತಿಗೆ ಮಂದವಾದ ಹಳದಿ. ಅಲ್ಲಿ ಅದು ಬಹಳ ಚೆನ್ನಾಗಿದೆ.

ಹಜಾರಕ್ಕೂ ಮಲಗುವ ಕೋಣೆಗಳಿಗೂ ಗೆದ್ದಿದ್ದು ಸ್ವಿಚ್ ಬೋರ್ಡಿನ ಹಿಂದೆ ಅಡಗುವ ರಿಲೇ ಮಾಡ್ಯೂಲು. ಫೋನಿನ ಮಾತು ಕೇಳಿ ಲೈಟ್ ಹಾಕುವ, ಆರಿಸುವ ಪುಟ್ಟ ಡಬ್ಬಿ ಅದು; ಒಳಗಿನ ರಿಲೇ ಎಂಬುದು ತಾನೇ ಒತ್ತಿಕೊಳ್ಳುವ ಸ್ವಿಚ್. ಬೋರ್ಡು ಅದೇ, ಬಲ್ಬು ಅದೇ. ವೈಫೈ ಹೋದರೂ ಗೋಡೆಯಲ್ಲಿ ಒತ್ತಿದರೆ ಲೈಟ್ ಹತ್ತುತ್ತದೆ. ನನಗೆ ಬೇಕಿದ್ದದ್ದು ಇದೇ.

ಆದರೆ ಇದನ್ನು ಹಾಕಿಸುವ ಮೊದಲು ಎರಡು ವಿಷಯ ನೋಡಲೇಬೇಕು. ಒಂದು, ನ್ಯೂಟ್ರಲ್ ವಯರು, ಅಂದರೆ ಕರೆಂಟ್ ಮರಳಿ ಹೋಗುವ ವಯರು. ಮಾಡ್ಯೂಲಿಗೂ ಕರೆಂಟ್ ಬೇಕಲ್ಲ, ಅದಕ್ಕೆ ಕರೆಂಟ್ ತರುವ ಫೇಸ್ ವಯರಿನ ಜೊತೆ ನ್ಯೂಟ್ರಲ್ ಕೂಡ ಬೋರ್ಡಿಗೆ ಬಂದಿರಬೇಕು. ಸಾಕೆಟ್ ಇರುವ ಬೋರ್ಡಿನಲ್ಲಿ ಅದು ಇದ್ದೇ ಇರುತ್ತದೆ. ಬರೀ ಸ್ವಿಚ್ ಇರುವ ಬೋರ್ಡಿನಲ್ಲಿ ಎಷ್ಟೋ ಸಲ ಇರುವುದಿಲ್ಲ. ನ್ಯೂಟ್ರಲ್ ಬೇಡದ ಮಾಡ್ಯೂಲುಗಳೂ ಸಿಗುತ್ತವೆ, ಆದರೆ ಕಡಿಮೆ ವಾಟಿನ ಎಲ್‌ಇಡಿ ಹಾಕಿದರೆ ಆರಿಸಿದ ಮೇಲೂ ಮಿಣಮಿಣ ಅನ್ನುವ ತಾಪತ್ರಯ ಬರಬಹುದು. ಎರಡು, ಗೋಡೆಯೊಳಗಿನ ಡಬ್ಬಿಯ ಆಳ. ಹಳೇ ಮನೆಗಳಲ್ಲಿ ವಯರು ತುಂಬಿದ ಡಬ್ಬಿಯಲ್ಲಿ ಮಾಡ್ಯೂಲಿಗೆ ಜಾಗವೇ ಇರುವುದಿಲ್ಲ.

ಒಂದು ಅಭ್ಯಾಸವೂ ಬದಲಾಗಬೇಕು. ಸ್ವಿಚ್ ಕೆಳಗಿದ್ದರೆ ಆನ್ ಎಂಬುದು ನಮ್ಮೆಲ್ಲರ ಕೈಗೆ ಗೊತ್ತಿರುವ ಲೆಕ್ಕ. ಮಾಡ್ಯೂಲ್ ಬಂದ ಮೇಲೆ ಅದು ಉಳಿಯುವುದಿಲ್ಲ. ನಾನು ಫೋನಿನಿಂದ ಲೈಟ್ ಆರಿಸಿದರೆ ಸ್ವಿಚ್ ಕೆಳಗೇ ಇರುತ್ತದೆ. ಮತ್ತೆ ಹಾಕಲು ಅಪ್ಪ ಅದನ್ನು ಮೇಲಕ್ಕೆ ಒತ್ತಬೇಕು. ಅಪ್ಪನಿಗೆ ಬೇಗ ರೂಢಿಯಾಯಿತು. ಆದರೆ ಬಲ್ಬು ಬದಲಿಸುವಾಗ ಸ್ವಿಚ್ಚನ್ನು ನಂಬಬೇಡಿ, ಮೇನ್ ಬೋರ್ಡಿನಲ್ಲಿ ಆ ಲೈನಿನ ಕರೆಂಟ್ ಕಡಿಯುವ ಎಂಸಿಬಿ ಕೆಳಗಿಳಿಸಿ. ಮಾಡ್ಯೂಲ್ ಹಾಕುವ ಕೆಲಸವನ್ನೂ ಎಲೆಕ್ಟ್ರಿಷಿಯನ್ನರಿಗೇ ಬಿಡಿ.

ಫ್ಯಾನಿನ ವಿಷಯ ಬೇರೆ. ಹಳೇ ಫ್ಯಾನಿಗೆ ವೇಗ ಬದಲಿಸುವ ಮಾಡ್ಯೂಲೇ ಸಿಗುತ್ತದೆ. ಬಿಎಲ್‌ಡಿಸಿ ಎಂಬ ಕಡಿಮೆ ಕರೆಂಟಿನ ಹೊಸ ಬಗೆಯ ಫ್ಯಾನಿದ್ದರೆ ಅಂಥದ್ದು ಹಾಕಬಾರದು, ರೆಗ್ಯುಲೇಟರ್ ಕೂಡ ತೆಗೆಸಬೇಕು. ಅದರ ವೇಗ ಅದರದೇ ರಿಮೋಟಿನ ಕೆಲಸ. ನಿಜ ಹೇಳಬೇಕೆಂದರೆ ಸುಮಾರು 75 ವಾಟ್ ಎಳೆಯುವ ಹಳೇ ಫ್ಯಾನಿನ ಜಾಗಕ್ಕೆ 30 ವಾಟಿನ ಆಸುಪಾಸಿನ ಬಿಎಲ್‌ಡಿಸಿ ತಂದದ್ದೇ ಎಲ್ಲ ಮಾಡ್ಯೂಲಿಗಿಂತ ಜಾಸ್ತಿ ಕರೆಂಟ್ ಉಳಿಸಿತು.

ಸಾಕೆಟ್ಟಿಗೂ ಉಪಕರಣದ ಪಿನ್ನಿಗೂ ನಡುವೆ ಕೂರುವ ಸ್ಮಾರ್ಟ್ ಪ್ಲಗ್ ನಮ್ಮಲ್ಲಿ ನಿಂತಿರುವುದು ಗೀಸರಿಗಾಗಿ. ಇಲ್ಲಿ ಆಂಪ್ ಲೆಕ್ಕ ಮುಖ್ಯ. 2,000 ವಾಟಿನ ಗೀಸರ್ 230 ವೋಲ್ಟಿನಲ್ಲಿ ಸುಮಾರು 8.7 ಆಂಪ್ ಎಳೆಯುತ್ತದೆ. 6 ಅಥವಾ 10 ಆಂಪಿನದ್ದು ನೆಚ್ಚಬೇಡಿ, ದಪ್ಪ ಪಿನ್ನಿನ 16 ಆಂಪಿನದ್ದೇ ತನ್ನಿ. ಸ್ನಾನದ ಮನೆಯ ಹಸಿಗೆ ದೂರ, ಹೊರಗಿನ ಸಾಕೆಟ್ಟಿನಲ್ಲಿ ಹಾಕಿ. ಬೆಳಿಗ್ಗೆ ಐದೂವರೆಗೆ ಹತ್ತಿ ಅರ್ಧ ಗಂಟೆಗೆ ಆರುವಂತೆ ಇಟ್ಟಿದ್ದೇವೆ. ಅಷ್ಟೂ ಹೊತ್ತು ಎಳೆದರೂ ಒಂದು ಯೂನಿಟ್. ಅಮ್ಮ ಏಳುವ ಹೊತ್ತಿಗೆ ನೀರು ಕಾದಿರುತ್ತದೆ. ಯಾರೂ ಆ್ಯಪ್ ತೆರೆಯುವುದೇ ಇಲ್ಲ. ದಿನನಿತ್ಯದ ಅನುಕೂಲ ಅಂದರೆ ನನ್ನ ಮಟ್ಟಿಗೆ ಇದು. ಬಾಡಿಗೆ ಮನೆಯವರಿಗೂ ಪ್ಲಗ್ಗೇ ಸರಿ, ಮನೆ ಬಿಡುವಾಗ ಜೊತೆಗೇ ಬರುತ್ತದೆ.

ಸಂಪಿನ ಮೋಟಾರಿಗೂ ಅದೇ ಪ್ಲಗ್ ಹಾಕೋಣ ಎಂದು ಮನೆಯಲ್ಲಿ ಮಾತು ಬಂತು. ನಾನು ಒಪ್ಪಲಿಲ್ಲ. ಪ್ಲಗ್ಗಿನ ಮೇಲೆ ಬರೆದಿರುವ 16 ಆಂಪ್ ಸಾಮಾನ್ಯವಾಗಿ ಗೀಸರಿನಂಥ ಲೋಡಿನ ಲೆಕ್ಕ. ಮೋಟಾರು ಶುರುವಾಗುವ ಕ್ಷಣ, ಓಡುವಾಗ ಬೇಕಾಗುವುದರ ಐದಾರು ಪಟ್ಟು ಕರೆಂಟ್ ಎಳೆಯಬಹುದು. ಆ ಹೊಡೆತಕ್ಕೆ ಪ್ಲಗ್ಗಿನೊಳಗಿನ ರಿಲೇಯ ಪಾಯಿಂಟುಗಳು ಅಂಟಿಕೊಂಡರೆ ಮೋಟಾರು ನಿಲ್ಲುವುದೇ ಇಲ್ಲ. ಸಂಪು ಬರಿದಾದರೂ ಓಡಿ ಸುಟ್ಟುಹೋಗುತ್ತದೆ. ಅದಕ್ಕೆ ಕಾಂಟ್ಯಾಕ್ಟರ್, ಅಂದರೆ ಮೋಟಾರಿನ ಹೊಡೆತ ತಡೆಯುವ ಗಟ್ಟಿ ರಿಲೇ, ಇರುವ ವಾಟರ್ ಲೆವೆಲ್ ಕಂಟ್ರೋಲರ್ ಹಾಕಿಸಿದೆವು. ಟ್ಯಾಂಕ್ ತುಂಬಿದರೂ, ಸಂಪಿನಲ್ಲಿ ನೀರು ಇಳಿದರೂ ತಾನೇ ನಿಲ್ಲಿಸುತ್ತದೆ. ವೈಫೈ ಇಲ್ಲ, ಆ್ಯಪ್ ಇಲ್ಲ.

ವೈಫೈಯೋ, ಸ್ಮಾರ್ಟ್ ಸಾಮಾನುಗಳಿಗೆಂದೇ ಇರುವ ಇನ್ನೊಂದು ವೈರ್‌ಲೆಸ್ ವಿಧಾನ ಜಿಗ್‌ಬೀಯೋ? ನಾಲ್ಕಾರು ಸಾಮಾನಿಗೆ ವೈಫೈ ಸಾಕು. ಹೆಚ್ಚಿನವು 2.4 ಗಿಗಾಹರ್ಟ್ಸ್‌ನಲ್ಲಿ ಮಾತ್ರ ಕೆಲಸ ಮಾಡುತ್ತವೆ, ರೌಟರಿನಲ್ಲಿ ಅದು ಆನ್ ಇರಲಿ. ಜಿಗ್‌ಬೀಗೆ ಸಾಮಾನುಗಳನ್ನೆಲ್ಲ ಒಂದುಗೂಡಿಸುವ ಪ್ರತ್ಯೇಕ ಹಬ್ ಬೇಕು, ಖರ್ಚು ಜಾಸ್ತಿ. ಆದರೂ ಒಂದು ಜಾಗದಲ್ಲಿ ಅದನ್ನೇ ಆರಿಸಿದೆ. ರಾತ್ರಿ ಅಪ್ಪ ಬಚ್ಚಲಿಗೆ ಹೋಗುವ ಓಣಿಯಲ್ಲಿ ಬ್ಯಾಟರಿಯ ಮೋಷನ್ ಸೆನ್ಸರ್ ಇಟ್ಟಿದ್ದೇವೆ. ವೈಫೈ ಸೆನ್ಸರ್ ಬ್ಯಾಟರಿಯನ್ನು ಬೇಗ ತಿನ್ನುತ್ತದೆ, ಜಿಗ್‌ಬೀಯದು ಸಣ್ಣ ಬ್ಯಾಟರಿಯಲ್ಲೇ ಬಹಳ ದಿನ ಬರುತ್ತದೆ. ಅಪ್ಪ ಹೆಜ್ಜೆ ಇಟ್ಟ ಕೂಡಲೇ ಲೈಟ್ ಹತ್ತುತ್ತದೆ. ಇಡೀ ಮನೆಯಲ್ಲಿ ನನಗೆ ಅತ್ಯಂತ ನೆಮ್ಮದಿ ಕೊಟ್ಟಿರುವುದು ಇದು. ಹಬ್ಬಿಗೂ ರೌಟರಿಗೂ 12 ವೋಲ್ಟಿನ ಪುಟ್ಟ ಯುಪಿಎಸ್ ಕೊಟ್ಟಿದ್ದೇವೆ, ಓಣಿಯ ಲೈಟನ್ನು ಮನೆಯ ಯುಪಿಎಸ್ ಲೈನಿಗೆ ಸೇರಿಸಿದ್ದೇವೆ. ಕರೆಂಟ್ ಹೋದಾಗಲೇ ತಾನೇ ಆ ಬೆಳಕು ಹೆಚ್ಚು ಬೇಕಾಗುವುದು.

ಬಾಯಲ್ಲಿ ಹೇಳಿದರೆ ಕೆಲಸ ಮಾಡುವ ಸ್ಮಾರ್ಟ್ ಸ್ಪೀಕರ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಮಗಳಿಗೆ ಇಷ್ಟ. ಅಮ್ಮನ ಕನ್ನಡ ನಮ್ಮ ಸ್ಪೀಕರಿಗೆ ಅರ್ಥವಾಗುವುದಿಲ್ಲ, ಹಾಗಾಗಿ ಅಮ್ಮನಿಗೆ ಅದರಿಂದ ಉಪಯೋಗವಿಲ್ಲ. ಈ ಕೊರತೆ ನೀಗಲೇಬೇಕು ಎಂದು ನನಗೆ ಅನ್ನಿಸುತ್ತದೆ.

ಕೊನೆಗೆ ಮನೆ ಕಟ್ಟಿಸುತ್ತಿರುವವರಿಗೆ: ಈಗ ಏನನ್ನೂ ಕೊಳ್ಳದಿದ್ದರೂ ಪರವಾಗಿಲ್ಲ. ಪ್ರತಿ ಸ್ವಿಚ್ ಬೋರ್ಡಿಗೂ ನ್ಯೂಟ್ರಲ್ ಎಳೆಸಿ, ಡಬ್ಬಿ ಆಳದ್ದೇ ಹಾಕಿಸಿ. ಗಾರೆ ಆಗುವ ಮೊದಲು ಇದಕ್ಕೆ ತಗಲುವುದು ಒಂದಿಷ್ಟು ವಯರಿನ ದುಡ್ಡು. ಆಮೇಲಾದರೆ ಗೋಡೆ ಕೊರೆಯಬೇಕು.