ಗ್ಯಾಸ್ಕೆಟ್ ಹೋಗಿದೆ ಅಂದ ತಕ್ಷಣ ಗಾಡಿ ಬಿಟ್ಟು ಬರಬೇಡಿ

ದಾವಣಗೆರೆ, ಚಿತ್ರದುರ್ಗದ ಕಡೆ ಹಳೇ ಡೀಸೆಲ್ ಗಾಡಿ ಇಟ್ಟುಕೊಂಡಿರೋರು ದಯವಿಟ್ಟು ಪೂರ್ತಿ ಓದಿ. ಹೊಟ್ಟೆ ಉರಿದು ಬರೀತಿದೀನಿ, ಹಿಂದೆ ಮುಂದೆ ಆಗಿದ್ರೆ ಸಹಿಸಿಕೊಳ್ಳಿ. ಗ್ಯಾರೇಜಿನ ಹೆಸರು ಈಗ ಹಾಕಲ್ಲ, ದೂರು ಕೊಡೋ ತಯಾರಿಯಲ್ಲಿದ್ದೀನಿ. ಆದ್ರೆ ಅವರು ಮಾಡಿದ ಕೆಲಸ ಎಂಥದ್ದು ಅಂತ ಎಲ್ಲರಿಗೂ ಗೊತ್ತಾಗಲೇಬೇಕು.

ನಮ್ಮದು 2009ರ ಏಳು ಸೀಟಿನ ಎಸ್‌ಯುವಿ. 15 ವರ್ಷ ಮುಗಿದಾಗ ಆರ್‌ಟಿಒದಲ್ಲಿ ಗಾಡಿ ತೋರಿಸಿ, ಗ್ರೀನ್ ಟ್ಯಾಕ್ಸ್ ಕಟ್ಟಿ, ಇನ್ನೂ 5 ವರ್ಷಕ್ಕೆ ಆರ್‌ಸಿ ಮಾಡಿಸಿಕೊಂಡಿದ್ದೀವಿ. ಎಂಜಿನ್ ಗಟ್ಟಿ ಇದೆ. ಏಪ್ರಿಲ್ ಬಿಸಿಲಲ್ಲಿ ಮಂಡಿಪೇಟೆ ಕಡೆ ನಿಂತು ನಿಂತು ಹೋಗುವಾಗ ಟೆಂಪರೇಚರ್ ಮುಳ್ಳು ಅರ್ಧ ದಾಟಿ ಮೇಲೇರೋಕೆ ಶುರುವಾಯ್ತು. ಟ್ಯಾಂಕಲ್ಲಿ ಕೂಲೆಂಟ್, ಅಂದ್ರೆ ಎಂಜಿನ್ ತಣ್ಣಗಿಡೋ ನೀರು, ಸ್ವಲ್ಪ ಸ್ವಲ್ಪ ಇಳೀತಿತ್ತು, ಕೆಳಗೆ ನೆಲದ ಮೇಲೆ ಮಾತ್ರ ಏನೂ ಕಾಣ್ತಿರಲಿಲ್ಲ.

ಗ್ಯಾರೇಜಿನವನು ಬಾನೆಟ್ ಎತ್ತಿದ, ಒಂದು ಸಲ ಬಗ್ಗಿ ನೋಡಿದ, ಅಷ್ಟೇ. "ಗ್ಯಾಸ್ಕೆಟ್ ಹೋಗೈತ್ರಿ ಯಜಮಾನ್ರೇ. ಹೆಡ್ ಬಿಚ್ಚಬೇಕು."

ಹೆಡ್ ಅಂದ್ರೆ ಎಂಜಿನ್ನಿನ ಮೇಲಿನ ಭಾಗ, ಅದಕ್ಕೂ ಕೆಳಗಿನ ಬ್ಲಾಕಿಗೂ ನಡುವೆ ಸೋರದ ಹಾಗೆ ಕೂರಿಸಿರೋ ತೆಳು ಹಾಳೆ ಗ್ಯಾಸ್ಕೆಟ್. ಅದು ಹೋದ್ರೆ ಸಾಮಾನ್ಯವಾಗಿ ಸೈಲೆನ್ಸರಲ್ಲಿ ಬಿಳೀ ಹೊಗೆ ಬರುತ್ತೆ, ಆಯಿಲ್ ಮುಚ್ಚಳದ ಒಳಗೆ ಬೆಳ್ಳಗೆ ನೊರೆ ಕಟ್ಟುತ್ತೆ, ಎಂಜಿನ್ ಓಡುವಾಗ ಕೂಲೆಂಟಲ್ಲಿ ಗುಳ್ಳೆ ಏಳುತ್ತೆ. ಇದ್ಯಾವುದೂ ನಮ್ಮ ಗಾಡಿಯಲ್ಲಿ ಇರಲಿಲ್ಲ. ಆಯಿಲ್ ಚೆನ್ನಾಗಿಯೇ ಇದೆಯಲ್ಲ ಅಂತ ಕೇಳಿದೆ. "ಇದು ಇನ್ನಾ ಸ್ಟಾರ್ಟಿಂಗು. ಹಿಂಗೇ ಓಡ್ಸಿದ್ರೆ ಎಂಜಿನ್ನೇ ಕೂತ್‌ಬಿಡ್ತತಿ, ಆಮೇಲೆ ನಮ್ಮನ್ನ ಕೇಳ್ಬ್ಯಾಡ್ರಿ" ಅಂದ. ಎಂಜಿನ್ ಕೂತುಬಿಡುತ್ತೆ ಅಂದ್ರೆ ಯಾರಿಗೆ ಹೆದರಿಕೆ ಆಗಲ್ಲ ಹೇಳಿ?

ಬಿಲ್ಲು ₹38,600. ಹೆಡ್ ಗ್ಯಾಸ್ಕೆಟ್, ಹೆಡ್ ಫೇಸಿಂಗ್ (ಹೆಡ್ಡಿನ ತಳ ಸಮ ಮಾಡೋದು), ಹೊಸ ರೇಡಿಯೇಟರ್, ಹೊಸ ವಾಟರ್ ಪಂಪ್, ಥರ್ಮೋಸ್ಟಾಟ್ ವಾಲ್ವ್ ₹1,450, ಕೂಲೆಂಟ್, ಲೇಬರ್. ಹಳೇ ಪಾರ್ಟ್ಸ್ ಎಲ್ಲಿ ಅಂದ್ರೆ "ಗುಜರಿಯವ್ನು ಬೆಳಿಗ್ಗೆನೇ ಒಯ್ದ ಸಾರ್" ಅಂದ. ಬಾನೆಟ್ ಒಳಗೆ ರೇಡಿಯೇಟರ್ ಕಪ್ಪಗೆ ಮಿಂಚ್ತಿತ್ತು. ಮುಳ್ಳು ಮೇಲೆ ಏಳ್ತಾನೇ ಇರಲಿಲ್ಲ. "ನೋಡ್ರಿ, ಮುಳ್ಳು ಎಲ್ಲೈತಿ ನೋಡ್ರಿ" ಅಂತ ಕೈ ತೋರಿಸಿದ.

ಆಮೇಲಿಂದ ಮೈಲೇಜ್ ಬಿತ್ತು. ನೀರು ಆಗಲೂ ಇಳೀತಾನೇ ಇತ್ತು. ಫೋನ್ ಮಾಡಿದ್ರೆ "ಏರ್ ಲಾಕ್ ಐತ್ರಿ, ಸೆಟ್ ಆಗ್ತತಿ, ನೀರು ಹಾಕ್ಕೊಂಡ್ ಓಡ್ಸ್ರಿ" ಅನ್ನೋನು. ಅಂದ್ರೆ ಪೈಪಲ್ಲಿ ಗಾಳಿ ಸಿಕ್ಕಿಕೊಂಡಿದೆ ಅಂತ. ಪ್ರತಿ ಸಲ ಇದೇ ಮಾತು. ಏರ್ ಲಾಕ್, ಸೆಟ್ ಆಗ್ತತಿ.

ಜುಲೈಯಲ್ಲಿ ಮಕ್ಕಳನ್ನ ಕರಕೊಂಡು ಮುಳ್ಳಯ್ಯನಗಿರಿಗೆ ಹೋದ್ವಿ. ಮೇಲೆ ಮಂಜು, ಮಳೆ, ಒಂದು ಕಡೆ ಪ್ರಪಾತ. ಮುಂದಿನ ಗಾಜು ಒಳಗಿಂದ ಮಬ್ಬಾಯ್ತು. ಹೀಟರ್ ಪೂರ್ತಿ ತಿರುಗಿಸಿದ್ರೂ ತಣ್ಣನೆ ಗಾಳಿ. ಎಸಿ ಹಾಕಿ ಗಾಜು ತಿಳಿ ಮಾಡಿಕೊಂಡು, ಹಿಂದೆ ಮಕ್ಕಳು ಗಡಗಡ ನಡುಗುತ್ತಾ ಕೆಳಗಿಳಿದ್ವಿ. ಅಲ್ಲಿಂದಲೇ ಫೋನ್ ಮಾಡಿದ್ದಕ್ಕೆ ಅವನ ಉತ್ತರ ಕೇಳಿ: "ನಮ್ ಕಡೆ ಹೀಟರ್ ಯಾರು ಹಾಕ್ತಾರ್ರೀ? ಮಲೆನಾಡಿಗೆ ಹೋಗ್ತೀನಿ ಅಂತ ಮೊದ್ಲೇ ಹೇಳ್ಬೇಕಿತ್ತು."

ಮೊದಲೇ ಹೇಳಬೇಕಿತ್ತಂತೆ! ಗಾಡಿಯಲ್ಲಿ ಕಂಪನಿಯವರು ಕೊಟ್ಟಿರೋ ಹೀಟರ್ ಕೆಲಸ ಮಾಡಬೇಕು ಅಂತ ನಾನು ಅವನಿಗೆ ಮೊದಲೇ ಹೇಳಬೇಕಿತ್ತಂತೆ.

ಆಮೇಲೆ ಆಗಿದ್ದು ನೆನೆಸಿಕೊಂಡ್ರೆ ಈಗಲೂ ಮುಖ ಬಿಸಿಯಾಗುತ್ತೆ. ಹಿರಿಯೂರಿಗೆ ನಿಶ್ಚಿತಾರ್ಥಕ್ಕೆ ಹೊರಟಿದ್ವಿ, ಗಾಡಿಯಲ್ಲಿ ನಮ್ಮ ಬೀಗರು ಇದ್ರು. ಭರಮಸಾಗರ ದಾಟಿ ಚಿತ್ರದುರ್ಗ ಹತ್ತಿರ ಬರೋವಾಗ, ಅಲ್ಲೀವರೆಗೂ ಕೆಳಗೇ ಇದ್ದ ಮುಳ್ಳು ಒಂದೇ ಏಟಿಗೆ ಕೆಂಪಿಗೆ ಹೋಯ್ತು. ತಕ್ಷಣ ಬದಿಗೆ ಹಾಕಿ ಆಫ್ ಮಾಡಿದೆ. ರೇಷ್ಮೆ ಸೀರೆ ಉಟ್ಟ ಹೆಂಗಸರು, ತಟ್ಟೆ ಹಿಡಿದ ಹುಡುಗರು, ಎಲ್ಲಾ ಹೈವೇ ಪಕ್ಕ ಬಿಸಿಲಲ್ಲಿ. "ಇಷ್ಟು ಹಳೇ ಗಾಡಿ ಯಾಕ್ರೀ ಇಟ್ಕೊಂಡೀರಿ?" ಅಂದ್ರು ಬೀಗರು. ಮೊನ್ನೆಯಷ್ಟೇ ಮೂವತ್ತೆಂಟು ಸಾವಿರ ಸುರಿದು ರಿಪೇರಿ ಮಾಡಿಸಿದ ಗಾಡಿ ಅಂತ ಅವರಿಗೆ ಯಾವ ಬಾಯಲ್ಲಿ ಹೇಳಲಿ? ಯಾರೋ ಪುಣ್ಯಾತ್ಮ ಬಂದು ರೇಡಿಯೇಟರ್ ಕ್ಯಾಪ್ ತಿರುಗಿಸೋಕೆ ಕೈ ಹಾಕಿದ, ತಡೆದೆ. ಒತ್ತಡದಲ್ಲಿರೋ ನೀರು 100 ಡಿಗ್ರಿ ದಾಟಿದ್ರೂ ಕುದಿಯದೆ ಕೂತಿರುತ್ತೆ, ಕ್ಯಾಪ್ ಸಡಿಲ ಆದ್ರೆ ಮುಖಕ್ಕೇ ಎರಚುತ್ತೆ.

ಚಿತ್ರದುರ್ಗದ ಒಬ್ಬ ವಯಸ್ಸಾದ ಮೇಸ್ತ್ರಿ ಹತ್ರ ಗಾಡಿ ಎಳೆಸಿಕೊಂಡು ಹೋದ್ವಿ. ಅವರು ಮೊದಲು ಎಂಜಿನ್ ಪೂರ್ತಿ ಆರಲಿ ಅಂತ ಕಾದ್ರು. ಆಮೇಲೆ ಕ್ಯಾಪ್ ತೆಗೆದು ಅದರ ಬಾಯಲ್ಲಿ ಬೆರಳಾಡಿಸಿ ತೋರಿಸಿದ್ರು: ಒಣಗಿದ ಮಜ್ಜಿಗೆ ಕಲೆ ಥರ ಬಿಳೀ ಉಪ್ಪಿನ ಪೊರೆ. "ಇದು ಬೋರ್ ನೀರಿಗೆ ಬಣ್ಣ ಹಾಕಿದ್ದು ಸ್ವಾಮಿ, ಕೂಲೆಂಟ್ ಅಲ್ಲ." ನಮ್ಮ ಎರಡೂ ಜಿಲ್ಲೆಯ ಬೋರ್ ನೀರು ಎಷ್ಟು ಗಡಸು ಅಂತ ಗೀಸರ್ ಕಾಯಿಲ್ ಬಿಚ್ಚಿ ನೋಡಿದವರಿಗೆ ಗೊತ್ತು. ಅದೇ ಪೊರೆ ರೇಡಿಯೇಟರಿನ ಸಣ್ಣ ನಳಿಕೆಗಳಲ್ಲಿ ಕಟ್ಟಿಕೊಳ್ಳುತ್ತೆ.

ಕೂಲೆಂಟ್ ಓಡಾಡೋ ದಾರಿಗೆ ಕೈಪಂಪಿನಿಂದ ಪ್ರೆಶರ್ ಕೊಟ್ಟು ಕೂತ್ರು, ಇದೇ ಪ್ರೆಶರ್ ಟೆಸ್ಟ್. ಸ್ವಲ್ಪ ಹೊತ್ತಿಗೆ ವಾಟರ್ ಪಂಪಿನ ಕೆಳಗಿನ ಸಣ್ಣ ತೂತಿಂದ ಹನಿ ಹನಿಯಾಗಿ ನೀರು ಬಂತು. ಬಿಸಿ ಎಂಜಿನ್ ಮೇಲೆ ಬಿದ್ದು ಆವಿಯಾಗಿ ಹೋಗ್ತಿದ್ದದ್ದು ಇದೇ, ಅದಕ್ಕೇ ನೆಲದ ಮೇಲೆ ಕಾಣ್ತಿರಲಿಲ್ಲ. ಪಂಪಿನ ಮೈಮೇಲೆ ವರ್ಷಗಟ್ಟಲೆ ಹಳೇ ಕಲೆ. "ಹೊಸ ಪಂಪ್" ಅಂತ ದುಡ್ಡು ಕೊಟ್ಟಿದ್ದೆನಲ್ಲ, ಆ ಪಂಪ್. ರೇಡಿಯೇಟರನ್ನ ಉಗುರಲ್ಲಿ ಕೆರೆದ್ರು, ಕಪ್ಪು ಪೇಂಟ್ ಎದ್ದು ಬಂತು, ಕೆಳಗೆ ನಮ್ಮ ಹಳೇ ರೇಡಿಯೇಟರ್. ಹೆಡ್ಡು ಬ್ಲಾಕು ಕೂಡೋ ಜಾಗಕ್ಕೆ ಟಾರ್ಚ್ ಹಿಡಿದು, "ಹೆಡ್ ಬಿಚ್ಚಿದ್ರೆ ಇಷ್ಟು ಹಳೇ ಜಿಡ್ಡು ಇಲ್ಲಿ ಹೆಂಗ್ ಕೂತಿರ್ತಿತ್ತು? ಒಂದ್ ಬೋಲ್ಟಿಗೂ ಸ್ಪ್ಯಾನರ್ ತಾಗಿಲ್ಲ" ಅಂದ್ರು.

ಕೊನೆಗೆ ಥರ್ಮೋಸ್ಟಾಟ್ ಡಬ್ಬಿ ಬಿಚ್ಚಿದ್ರು. ಖಾಲಿ. ಒಳಗೆ ವಾಲ್ವೇ ಇಲ್ಲ. ಹೀಟರಿಗೆ ಹೋಗೋ ಎರಡು ಪೈಪನ್ನ ಒಂದಕ್ಕೊಂದು ಸೇರಿಸಿ ಕ್ಲ್ಯಾಂಪ್ ಹಾಕಿದ್ದ. ನನಗೆ ಮಾತೇ ಹೊರಡಲಿಲ್ಲ.

ಈ ವಾಲ್ವ್ ತೆಗೆದ್ರೆ ಏನಾಗುತ್ತೆ ಅಂತ ಗೊತ್ತಿಲ್ಲದವರಿಗೆ ಹೇಳ್ತೀನಿ. ಸಾಮಾನ್ಯವಾಗಿ 80ರಿಂದ 90 ಡಿಗ್ರಿ ನಡುವೆ ಅದು ತೆರೆಯುತ್ತೆ, ಅಲ್ಲೀವರೆಗೆ ನೀರನ್ನ ರೇಡಿಯೇಟರಿಗೆ ಬಿಡಲ್ಲ. ತೆಗೆದುಬಿಟ್ರೆ ಹೈವೇಯಲ್ಲಿ ಎಂಜಿನ್ ಬೇಕಾದಷ್ಟು ಬಿಸಿಯೇ ಆಗಲ್ಲ, ಡೀಸೆಲ್ ಜಾಸ್ತಿ ಕುಡಿಯುತ್ತೆ. ಮುಳ್ಳು ಕೆಳಗಿರುತ್ತೆ, ನಾವು ರಿಪೇರಿ ಆಯ್ತು ಅಂತ ನಂಬ್ತೀವಿ. ಲೀಕ್ ಹಾಗೇ ಇರುತ್ತೆ. ನೀರು ತೀರಾ ಇಳಿದು ಸೆನ್ಸರ್ ಗಾಳಿಯಲ್ಲಿ ನಿಂತ ಮೇಲೆ ಮುಳ್ಳನ್ನ ನಂಬೋ ಹಾಗೇ ಇಲ್ಲ. ಇನ್ನು ಹೀಟರ್ ಅಂದ್ರೆ ಡ್ಯಾಶ್‌ಬೋರ್ಡ್ ಒಳಗಿರೋ, ಎಂಜಿನ್ನಿನ ಬಿಸಿ ನೀರು ಹರಿಯೋ ಸಣ್ಣ ರೇಡಿಯೇಟರ್. ಎಂಜಿನ್ ಬಿಸಿ ಏರೋಕೆ ಶುರುವಾದಾಗ ಹೀಟರ್ ಪೂರ್ತಿ ಹಾಕಿದ್ರೆ ಸ್ವಲ್ಪ ಶಾಖ ಹೊರಗೆ ಹೋಗುತ್ತೆ, ಹತ್ತಿರದ ಗ್ಯಾರೇಜ್ ಮುಟ್ಟಬಹುದು. ಹೀಟರ್ ಚೆನ್ನಾಗಿದ್ದು ತಣ್ಣನೆ ಗಾಳಿ ಬಂದ್ರೆ ನೀರು ಕಮ್ಮಿಯಾಗಿದೆ ಅಂತ ಸುಳಿವಾದ್ರೂ ಸಿಗುತ್ತೆ. ಅವನು ಆ ಎರಡು ದಾರಿಯನ್ನೂ ಮುಚ್ಚಿಬಿಟ್ಟಿದ್ದ, ನನಗೊಂದು ಮಾತು ಹೇಳದೆ.

ದಾವಣಗೆರೆಗೆ ವಾಪಸ್ ಬಂದು ಬಿಲ್ ಮುಂದಿಟ್ಟು ಕೇಳಿದೆ, ವಾಲ್ವಿಗೆ ₹1,450 ತಗೊಂಡಿದ್ದೀರಿ, ವಾಲ್ವ್ ಎಲ್ಲಿ? "ಹಾಕಿದ್ವಿ ಯಜಮಾನ್ರೇ. ನಮ್ ಬಿಸಿಲಿಗೆ ಅದು ಬ್ಯಾಡ ಅಂತ ನಿಮ್ ಒಳ್ಳೇದಕ್ಕೇ ತೆಗೆದ್ವಿ." ಸರಿ, ತೆಗೆದ ಹೊಸ ವಾಲ್ವ್ ಕೊಡಿ ಅಂದೆ. ಉತ್ತರ ಇಲ್ಲ. ರೇಡಿಯೇಟರ್? "ಅದು ರಿಕಂಡಿಷನ್." ಬಿಲ್ಲಲ್ಲಿ ಹೊಸದು ಅಂತಿದೆಯಲ್ಲ? "ಹುಡುಗ ಬರ್ದಿದ್ದು." ಹೆಡ್ ಬಿಚ್ಚೇ ಇಲ್ಲವಲ್ಲ ಅಂದಾಗ ದನಿ ಏರಿಸಿದ: "ಬ್ಯಾರೇರ್ ಕೈ ಹಾಕ್ಸಿದ್ ಮ್ಯಾಲೆ ನಮ್ ಜವಾಬ್ದಾರಿ ಇಲ್ರಿ. 15 ವರ್ಷ ದಾಟಿದ್ ಗಾಡಿ ಇಟ್ಕೊಂಡು ನಮ್ ಮ್ಯಾಲೆ ಬರ್ತೀರಲ್ಲ!" ಅಲ್ಲಿ ನಿಂತಿದ್ದ ಗಿರಾಕಿಗಳೆಲ್ಲ ನನ್ನೇ ನೋಡ್ತಿದ್ರು, ತಪ್ಪು ನಂದೇ ಅನ್ನೋ ಹಾಗೆ.

ಚಿತ್ರದುರ್ಗದ ಮೇಸ್ತ್ರಿ ಪಂಪ್, ವಾಲ್ವ್ ಹಾಕಿ, ರೇಡಿಯೇಟರ್ ತೊಳೆಸಿ, ಡಿಸ್ಟಿಲ್ಡ್ ವಾಟರ್ ಜೊತೆ ಅರ್ಧಕ್ಕರ್ಧ ಕೂಲೆಂಟ್ ತುಂಬಿ, ಹೀಟರ್ ಪೈಪ್ ಮೊದಲಿನಂತೆ ಜೋಡಿಸಿಕೊಟ್ರು. ಗಾಡಿ ಈಗ ಸರಿಯಿದೆ.

ಪ್ರೆಶರ್ ಟೆಸ್ಟ್ ಮಾಡದೆ ಗ್ಯಾಸ್ಕೆಟ್ ಅನ್ನೋನ ಹತ್ರ ಗಾಡಿ ಬಿಡಬೇಡಿ. ಹೆಡ್ ಬಿಚ್ಚಿದಾಗ ಎದುರಿಗೇ ನಿಲ್ಲಿ. ಹಳೇ ಪಾರ್ಟ್ಸ್ ಕೊಡದೆ ದುಡ್ಡು ಕೊಡಬೇಡಿ. "ವಾಲ್ವ್ ಬೇಡ, ಹೀಟರ್ ಬೇಡ" ಅಂದ್ರೆ ಕೀ ಇಸ್ಕೊಂಡು ಬನ್ನಿ. ಜಿಲ್ಲಾ ಗ್ರಾಹಕರ ಆಯೋಗದಲ್ಲಿ, ಕೊಟ್ಟ ಹಣ 5 ಲಕ್ಷದೊಳಗಿದ್ರೆ ಶುಲ್ಕವಿಲ್ಲ, 2 ವರ್ಷದೊಳಗೆ ದೂರು ಹಾಕಬೇಕು. ಗ್ರಾಹಕ ಸಹಾಯವಾಣಿ 1915. ನಾನು ಬಿಲ್, ಫೋಟೋ, ಆ ಹಳೇ ಪಂಪ್ ಎಲ್ಲಾ ಎತ್ತಿಟ್ಟಿದ್ದೀನಿ. ನಿಮಗೂ ಇದೇ ಥರ ಆಗಿದ್ರೆ ಬಿಲ್ ಹರಿದು ಹಾಕಬೇಡಿ.