ಪ್ರೀಮಿಯಂ ದುಡ್ಡು ಯಾರ ಖಾತೆಗೆ? ನಾನು ಹಿಡಿದು ನೋಡಿದ ನಾಲ್ಕು ದಾರಿಗಳು

ಹನುಮಂತನಗರದಲ್ಲಿ ನಮ್ಮದು ಸಣ್ಣ ವಿಮಾ ಆಫೀಸು. ನಾನು, ನನ್ನ ತಂಗಿ, ಜೊತೆಗೊಬ್ಬ ಹುಡುಗ. ಕಾರು, ಬೈಕು, ಆರೋಗ್ಯ, ಒಂದಿಷ್ಟು ಜೀವ ವಿಮೆ ಸೇರಿ ವರ್ಷಕ್ಕೆ ಆರುನೂರರ ಹತ್ತಿರ ರಿನ್ಯೂವಲ್. ಆನ್‌ಲೈನಿನಲ್ಲಿ ಪ್ರೀಮಿಯಂ ಕಟ್ಟಿಸಲು ಈ ಆರು ವರ್ಷದಲ್ಲಿ ನಾಲ್ಕು ದಾರಿ ಹಿಡಿದು ನೋಡಿದ್ದೇನೆ. ತೀರ್ಮಾನ ಮೊದಲೇ ಹೇಳಿಬಿಡುತ್ತೇನೆ: ಎಷ್ಟೇ ತಲೆನೋವು ಕೊಟ್ಟರೂ, ಏಜೆಂಟರ ಖಾತೆ ಮುಟ್ಟದೆ ದುಡ್ಡು ನೇರ ಕಂಪನಿಗೆ ಹೋಗುವ ದಾರಿಯೇ ಸರಿ.

ಮೊದಲು ಹಿಡಿದದ್ದು ಎಲ್ಲರೂ ಹಿಡಿಯುವ ದಾರಿ. ಮೇಜಿನ ಮೇಲೆ ನಮ್ಮದೇ ಕ್ಯೂಆರ್. ಗ್ರಾಹಕರು ಸ್ಕ್ಯಾನ್ ಮಾಡುತ್ತಾರೆ, ನಾವು ಕಂಪನಿಯ ಪೋರ್ಟಲ್‌ನಲ್ಲಿ ಕಟ್ಟುತ್ತೇವೆ. ಗ್ರಾಹಕರಿಗೆ ಇದಕ್ಕಿಂತ ಸುಲಭದ್ದು ಇನ್ನೊಂದಿಲ್ಲ. 2023ರ ಮಾರ್ಚ್‌ನ ಒಂದು ಶನಿವಾರ ರಾತ್ರಿ 9:40ಕ್ಕೆ ಒಬ್ಬರು ಕಾರಿನ ಪ್ರೀಮಿಯಂ 23,600 ರೂಪಾಯಿ ಕಳಿಸಿದರು. ಪಾಲಿಸಿ ಅವತ್ತೇ ಮಧ್ಯರಾತ್ರಿಗೆ ಮುಗಿಯುತ್ತಿತ್ತು. ಬೆಳಗ್ಗಿನಿಂದ ಬೇರೆಯವರದ್ದು ಕಟ್ಟಿ ಕಟ್ಟಿ ನನ್ನ ಬ್ಯಾಂಕಿನ ಒಂದು ಲಕ್ಷದ ಯುಪಿಐ ದಿನದ ಮಿತಿ ಮುಗಿದೇ ಹೋಗಿತ್ತು. ನೆಟ್ ಬ್ಯಾಂಕಿಂಗ್‌ಗೆ ಕೈ ಹಾಕಿದೆ, ಓಟಿಪಿ ಬರಲಿಲ್ಲ. ಅವರಿಗೇ ಫೋನ್ ಮಾಡಿದರೆ ಎತ್ತಲಿಲ್ಲ, ಮಲಗಿಬಿಟ್ಟಿದ್ದರು. ಬೆಳಗಾಗುವಷ್ಟರಲ್ಲಿ ಕಾರು ಬ್ರೇಕ್-ಇನ್, ಅಂದರೆ ಪಾಲಿಸಿಯ ಅವಧಿ ತಪ್ಪಿಹೋಗಿತ್ತು, ಇನ್ನು ಕಾರನ್ನು ನೋಡಿದ ಮೇಲೆಯೇ ಹೊಸ ಪಾಲಿಸಿ. ಭಾನುವಾರ ಇನ್‌ಸ್ಪೆಕ್ಷನ್‌ಗೆ ಯಾರೂ ಬರಲಿಲ್ಲ. ಸೋಮವಾರ ಫೋಟೋ ತೆಗೆದು ಪಾಲಿಸಿ ಕೈಗೆ ಬರುವವರೆಗೆ ಆ ಕಾರು ಮನೆ ಮುಂದೆಯೇ ನಿಂತಿತ್ತು. ಅವರ ದುಡ್ಡು ನನ್ನ ಖಾತೆಯಲ್ಲಿ, ಅವರ ಕಾರಿಗೆ ವಿಮೆ ಇಲ್ಲ. ಆ ಎರಡು ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ.

1938ರ ವಿಮಾ ಕಾಯ್ದೆಯ 64ವಿಬಿ ಕಲಂ ಅನ್ನು ಪರೀಕ್ಷೆಗೆ ಓದಿದ್ದೆ. ಅದರ ಅರ್ಥ ಆದದ್ದು ಆ ಶನಿವಾರ. ಪ್ರೀಮಿಯಂ ಮುಂಗಡವಾಗಿ ಬರದೆ ಕಂಪನಿ ರಿಸ್ಕ್ ಹೊರುವಂತಿಲ್ಲ. ಏಜೆಂಟ್ ವಸೂಲಿ ಮಾಡಿದ ಹಣವನ್ನು ಕಮಿಷನ್ ಮುರಿದುಕೊಳ್ಳದೆ, ಬ್ಯಾಂಕ್ ಮತ್ತು ಅಂಚೆ ರಜೆ ಬಿಟ್ಟು 24 ಗಂಟೆಯೊಳಗೆ ಪೂರ್ತಿ ಕಟ್ಟಬೇಕು. ಪಾಲಿಸಿ ರದ್ದಾಗಿ ಹಣ ವಾಪಸ್ ಬರುವುದಿದ್ದರೆ ಅದು ಪಾಲಿಸಿದಾರರಿಗೇ ಹೋಗಬೇಕು, ಏಜೆಂಟರ ಖಾತೆಗೆ ಬರುವಂತಿಲ್ಲ.

ಇನ್ನೊಂದು ಭಯ ಆಮೇಲೆ ಬಂತು. 2025ರ ಜುಲೈನಲ್ಲಿ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಜಮೆ ಲೆಕ್ಕ ಹಿಡಿದು ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕೊಟ್ಟಿತಲ್ಲ, ಆಗ ನಮ್ಮ ಬೀದಿಯ ಬೇಕರಿ, ಕಾಂಡಿಮೆಂಟ್ಸ್‌ಗಳಲ್ಲಿ ಕ್ಯೂಆರ್ ಸ್ಟಿಕ್ಕರ್ ಕಿತ್ತು ‘ಕ್ಯಾಶ್ ಮಾತ್ರ’ ಎಂದು ಬೋರ್ಡ್ ಹಾಕಿದರು. ಜನರ ಪ್ರೀಮಿಯಂ ಎಲ್ಲ ನಮ್ಮ ಖಾತೆಯಲ್ಲಿ ಹಾದುಹೋದರೆ ನಮ್ಮದಲ್ಲದ ವಹಿವಾಟಿಗೆ ನಾವು ಉತ್ತರ ಕೊಡಬೇಕಾಗುತ್ತದೆ. ಅಷ್ಟರಲ್ಲಿ ನಾನು ಕ್ಯೂಆರ್ ತೆಗೆದು ಎರಡು ವರ್ಷ ಆಗಿತ್ತು.

ಎರಡನೆಯದು ಆಫೀಸಿನ ಹೆಸರಲ್ಲಿ ಪೇಮೆಂಟ್ ಗೇಟ್‌ವೇ, ಅಂದರೆ ಕಾರ್ಡು, ಯುಪಿಐ ದುಡ್ಡನ್ನು ನಮ್ಮ ಪರವಾಗಿ ಪಡೆದು ನಮ್ಮ ಖಾತೆಗೆ ಹಾಕುವ ಸೇವೆ. ಕರೆಂಟ್ ಅಕೌಂಟ್, ಕೆವೈಸಿ ಎಲ್ಲ ಮುಗಿಸಿ ಎಂಟು ತಿಂಗಳು ಬಳಸಿದೆ. ಯಾರು ಕಟ್ಟಿದರು, ಯಾರದ್ದು ಬಾಕಿ, ಯಾರಿಗೆ ರಿಮೈಂಡರ್ ಹೋಯಿತು, ಎಲ್ಲ ಒಂದೇ ಪರದೆಯಲ್ಲಿ. ಆ ಸೌಕರ್ಯ ಈಗಲೂ ಬೇಕೆನಿಸುತ್ತದೆ. ಆದರೆ ಲೆಕ್ಕ ಕೂಡಲಿಲ್ಲ. 20,000 ರೂಪಾಯಿಯನ್ನು ಕ್ರೆಡಿಟ್ ಕಾರ್ಡಿನಲ್ಲಿ ಕಟ್ಟಿದರೆ 2 ಪರ್ಸೆಂಟ್ ಶುಲ್ಕ 400, ಅದರ ಮೇಲೆ ಜಿಎಸ್‌ಟಿ 72. ಕೈಗೆ ಬರುವುದು 19,528, ಕಂಪನಿಗೆ ಕಟ್ಟಬೇಕಾದದ್ದು ಪೂರ್ತಿ 20,000. ಮೇಲಾಗಿ ಗೇಟ್‌ವೇ ದುಡ್ಡು ನನ್ನ ಖಾತೆಗೆ ಬೀಳಲು ಒಂದೆರಡು ಕೆಲಸದ ದಿನ ಬೇಕು, ಕಾಯ್ದೆ ಕೊಡುವುದು 24 ಗಂಟೆ. ನಡುವಿನ ಆ ಅಂತರಕ್ಕೆ ಕೈಯಿಂದ ದುಡ್ಡು ಹಾಕುತ್ತಿದ್ದೆ. ಅಂಗಡಿಗೆ, ಟ್ಯೂಷನ್‌ಗೆ ಗೇಟ್‌ವೇ ಬಹಳ ಒಳ್ಳೆಯದು. ಪ್ರೀಮಿಯಂಗೆ ಅಲ್ಲ.

ಮೂರನೆಯದು ಕಂಪನಿಯೇ ಕಳಿಸುವ ಲಿಂಕ್. ಈಗ ನಮ್ಮ ಮುಕ್ಕಾಲು ಪಾಲು ಕೆಲಸ ಇದರಲ್ಲೇ. ಮೊತ್ತ ಅವರೇ ನಮೂದಿಸಿರುತ್ತಾರೆ, ದುಡ್ಡು ಕಟ್ಟಿದರೆ ಸಾಮಾನ್ಯವಾಗಿ ಹತ್ತು ನಿಮಿಷದಲ್ಲಿ ಪಾಲಿಸಿ ಗ್ರಾಹಕರ ಮೊಬೈಲಿಗೆ. ದೊಡ್ಡ ಮೊತ್ತವೂ ಈಗ ಕಷ್ಟವಲ್ಲ: 2025ರ ಸೆಪ್ಟೆಂಬರ್ 15ರಿಂದ ವಿಮೆಗೆ ಯುಪಿಐ ಮಿತಿಯನ್ನು ಒಂದು ಸಲಕ್ಕೆ 5 ಲಕ್ಷಕ್ಕೆ ಏರಿಸಿದ್ದಾರೆ. ತೊಂದರೆ ಬೇರೆ. ಲಿಂಕ್ ಹಳೇ ನಂಬರಿಗೆ ಹೋಗಿರುತ್ತದೆ, ಇಲ್ಲವೇ ಸಂಜೆಯೊಳಗೆ ಎಕ್ಸ್‌ಪೈರ್ ಆಗಿರುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ ಜನಕ್ಕೆ ಹೆದರಿಕೆ. ಶ್ರೀನಗರದ ಒಬ್ಬ ನಿವೃತ್ತ ಟೀಚರ್ ಮೊಬೈಲ್ ಹಿಡಿದು ಆಫೀಸಿಗೇ ಬಂದರು. “ನೋಡಪ್ಪಾ, ಈ ನೀಲಿ ಅಕ್ಷರ ಮುಟ್ಟಿದ್ರೆ ಅಕೌಂಟೇ ಖಾಲಿ ಆಗುತ್ತಂತೆ, ಮೊಮ್ಮಗಳು ಹೇಳಿದ್ದಾಳೆ” ಎಂದರು. ಮೋಸದ ಲಿಂಕ್‌ಗಳೂ ಬರುತ್ತವೆ, ಮೊಮ್ಮಗಳು ಎಚ್ಚರಿಸಿದ್ದು ಸರಿಯೇ. ಅಂದಿನಿಂದ ಲಿಂಕ್ ಹೋಗುವ ಮೊದಲು ನಾವೇ ಫೋನ್ ಮಾಡುತ್ತೇವೆ: ಇಷ್ಟು ರೂಪಾಯಿ, ಪಿನ್ ಒತ್ತುವ ಮುಂಚೆ ಪರದೆಯಲ್ಲಿ ಈ ಕಂಪನಿಯ ಹೆಸರೇ ಕಾಣಬೇಕು, ಬೇರೆ ಯಾವ ಹೆಸರು ಬಂದರೂ ನಿಲ್ಲಿಸಿ ನಮಗೆ ಫೋನ್ ಮಾಡಿ.

ಕೆಲವೊಮ್ಮೆ ದುಡ್ಡು ಕಟ್ ಆಗಿರುತ್ತದೆ, ಪಾಲಿಸಿ ಬಂದಿರುವುದಿಲ್ಲ. ಆಗ ಆ ಪಾವತಿಯ ಗುರುತಾದ 12 ಅಂಕಿಯ ಯುಟಿಆರ್ ನಂಬರ್ ಬರೆದುಕೊಳ್ಳುವುದೇ ಮೊದಲ ಕೆಲಸ. ಹಣ ಕಂಪನಿಗೆ ತಲುಪಿದ್ದು ಖಚಿತವಾಗದಿದ್ದರೆ ವಹಿವಾಟಿನ ದಿನದ ನಂತರ 5 ದಿನದೊಳಗೆ ತಾನಾಗಿ ವಾಪಸ್ ಬರಬೇಕು, ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ ಎಂಬುದು 2019ರಿಂದ ರಿಸರ್ವ್ ಬ್ಯಾಂಕಿನ ನಿಯಮ. ಆದರೆ ಪಾಲಿಸಿ ಅವತ್ತೇ ಮುಗಿಯುವುದಿದ್ದರೆ ವಾಪಸ್ ಬರಲೆಂದು ಕಾಯಬಾರದು. ಇದಕ್ಕಾಗಿಯೇ ಕಾರಿನ ರಿನ್ಯೂವಲ್‌ಗೆ ನಾವು ಹತ್ತು ದಿನ ಮೊದಲೇ ಬೆನ್ನು ಹತ್ತುತ್ತೇವೆ.

ನಾಲ್ಕನೆಯದು ಆಟೋಪೇ, ಒಮ್ಮೆ ಒಪ್ಪಿಗೆ ಕೊಟ್ಟರೆ ಡ್ಯೂ ದಿನ ದುಡ್ಡು ತಾನಾಗಿ ಕಟ್ ಆಗುವ ದಾರಿ. ತಿಂಗಳು ತಿಂಗಳು ಕಟ್ಟುವ ಸಂಬಳದಾರರಿಗೆ ಇದೇ ಹಿತ. 2023ರ ಡಿಸೆಂಬರ್‌ನಿಂದ ವಿಮಾ ಪ್ರೀಮಿಯಂ ಒಂದು ಲಕ್ಷದವರೆಗೆ ಪ್ರತಿ ಸಲ ಓಟಿಪಿ ಇಲ್ಲದೆ ಹೋಗುತ್ತದೆ, 24 ಗಂಟೆ ಮೊದಲು ಸೂಚನೆ ಬರುತ್ತದೆ. ಒಂದು ಎಚ್ಚರಿಕೆ ಮಾತ್ರ ಬೇಕು. ಆರೋಗ್ಯ ವಿಮೆಯಲ್ಲಿ ವಯಸ್ಸಿನ ಸ್ಲ್ಯಾಬ್ ದಾಟಿದರೆ ಪ್ರೀಮಿಯಂ ಏರುತ್ತದೆ. ಮ್ಯಾಂಡೇಟ್‌ನ (ಆ ಒಪ್ಪಿಗೆಯ) ಗರಿಷ್ಠ ಮೊತ್ತವನ್ನು ಈಗಿನ ಪ್ರೀಮಿಯಂಗೇ ಸರಿಯಾಗಿ ಇಟ್ಟಿದ್ದರೆ ಆ ತಿಂಗಳು ಕಟ್ ಆಗುವುದಿಲ್ಲ. ನಮ್ಮಲ್ಲಿ ಮೂವರಿಗೆ ಹಾಗಾಗಿ ಗ್ರೇಸ್ ದಿನಗಳಲ್ಲಿ, ಅಂದರೆ ಡ್ಯೂ ದಾಟಿದ ಮೇಲೂ ಕಟ್ಟಲು ಕೊಡುವ ಹೆಚ್ಚುವರಿ ದಿನಗಳಲ್ಲಿ, ಓಡಾಡಿದೆವು. ಖಾತೆಯಿಂದ ತಾನಾಗಿ ಕಟ್ ಆಗಲೆಂದು ಸಹಿ ಹಾಕಿ ಬ್ಯಾಂಕಿಗೆ ಕೊಡುವ ಕಾಗದದ ನ್ಯಾಚ್ ಫಾರಂ ಕೂಡ ಮಾಡಿಸಿದ್ದೆ, ಸಹಿ ಹೊಂದಲಿಲ್ಲ ಎಂದು ಎರಡೆರಡು ಸಲ ವಾಪಸ್ ಬಂತು, ಬಿಟ್ಟೆ.

ಹೊಸ ಆರೋಗ್ಯ ಪಾಲಿಸಿಗೆ, ಅದರಲ್ಲೂ ಮೆಡಿಕಲ್ ಟೆಸ್ಟ್ ಇರುವ ಹಿರಿಯರಿಗೆ, 2025ರ ಮಾರ್ಚ್ 1ರಿಂದ ಬಂದಿರುವ ಬಿಮಾ-ಅಸ್ಬಾ ನನಗೆ ಬಹಳ ಹಿಡಿಸಿದೆ. 2 ಲಕ್ಷದವರೆಗೆ ದುಡ್ಡು ಅವರ ಖಾತೆಯಲ್ಲೇ ಬ್ಲಾಕ್ ಆಗಿರುತ್ತದೆ, ಪ್ರಪೋಸಲ್ ಒಪ್ಪಿದರೆ ಮಾತ್ರ ಹೋಗುತ್ತದೆ, ಇಲ್ಲವೇ 14 ದಿನದೊಳಗೆ ಬಿಡುಗಡೆ. ನಗದು ತರುವವರಿಗೆ ನಾನು ಒಂದೇ ಮಾತು ಹೇಳುವುದು: ಆರೋಗ್ಯ ವಿಮೆಗೆ ನಗದು ಕಟ್ಟಿದರೆ ಆದಾಯ ತೆರಿಗೆಯಲ್ಲಿ ಕಡಿತ ಸಿಗುವುದಿಲ್ಲ.

ಲೆಕ್ಕಕ್ಕೆ ಈಗ ತಂಗಿ ಒಂದು ಶೀಟ್ ಇಟ್ಟಿದ್ದಾಳೆ: ಡ್ಯೂ ದಿನ, ಲಿಂಕ್ ಹೋದ ಹೊತ್ತು, ಯುಟಿಆರ್, ಪಾಲಿಸಿ ನಂಬರ್. ಸಂಜೆ ಆರಕ್ಕೆ ಕೊನೆಯ ಕಾಲಂ ಖಾಲಿ ಇರುವವರಿಗೆಲ್ಲ ಫೋನ್ ಹೋಗುತ್ತದೆ. ಟೀಚರ್ ಆಟೋಪೇ ಬೇಡ ಅಂದಿದ್ದಾರೆ, ಅವರದ್ದು ಜುಲೈ ಡ್ಯೂ. ಲಿಂಕ್ ಬಂದ ದಿನ ಅವರೇ ಫೋನ್ ಮಾಡಿ ಕಂಪನಿಯ ಹೆಸರನ್ನು ಅಕ್ಷರ ಅಕ್ಷರವಾಗಿ ಓದಿ ಹೇಳುತ್ತಾರೆ, ನಾನು ಹೂಂ ಅಂದ ಮೇಲೆಯೇ ಪಿನ್ ಒತ್ತುತ್ತಾರೆ.