ಇಟ್ಟಂಗಿ ಚೆಂಡು: ಮೂರು ಥರ ಮಾಡಿ ಉರುಳಿಸಿದೆವು

"ಚೆಂಡಂದ್ರ ಉರುಳಬೇಕು ಕಾಕಾ, ಕುಂದ್ರಬಾರದು." ಅಣ್ಣನ ಮಗನ ಈ ಒಂದು ಮಾತಿಗೆ ಧಾರವಾಡದ ಜಿಟಿಜಿಟಿ ಮಳೆಯ ಎರಡು ಭಾನುವಾರ ಖರ್ಚಾದವು. ಅವನ ಹತ್ತಿರ ಒಂದು ಡಬ್ಬಿ ತುಂಬ ಲೆಗೊ ಇದೆ, ಒಂದಕ್ಕೊಂದು ಕಚ್ಚಿ ಕೂರುವ ಪ್ಲಾಸ್ಟಿಕ್ ಆಟಿಕೆ ಇಟ್ಟಂಗಿಗಳು. ಅದರಲ್ಲೇ ಒಂದು ಚೆಂಡು ಆಗಬೇಕು. ಫರಸಿ ಮೇಲೆ ಚೆನ್ನಾಗಿ ಉರುಳಬೇಕು, ಅಜ್ಜಿಯ ಕಾಲಿಗೆ ಬಡಿದರೂ ನೋಯದಷ್ಟು ಹಗುರ ಇರಬೇಕು.

ಮೊದಲು ಮಾಡಿದ್ದು ಯಾರಿಗಾದರೂ ಹೊಳೆಯುವಂಥದ್ದೇ. ಸುತ್ತಿನ ಮೇಲೆ ಸುತ್ತು ಪೇರಿಸುತ್ತಾ ಹೋಗುವುದು. ಚೌಕಳಿ ಕಾಗದದ ಮೇಲೆ ವೃತ್ತ ಬರೆದುಕೊಂಡು, ಅಗಲ 8 ಉಬ್ಬು (ಇಟ್ಟಂಗಿಯ ತಲೆ ಮೇಲಿನ ಗುಂಡು ಗುಬುಟು), ಎತ್ತರ 8 ಇಟ್ಟಂಗಿ ಅಂತ ಶುರು ಮಾಡಿದೆವು. ಬಂದದ್ದು ಕೋಳಿಮೊಟ್ಟೆ! ತಪ್ಪು ನನ್ನದೇ. ಲೆಗೊದಲ್ಲಿ ಒಂದು ಉಬ್ಬಿನಿಂದ ಪಕ್ಕದ ಉಬ್ಬಿಗೆ 8 ಮಿಲಿಮೀಟರ್. ಇಟ್ಟಂಗಿಯ ಎತ್ತರ ಮಾತ್ರ 9.6. ಹಾಗಾಗಿ ಅಗಲ 64 ಬಂದರೆ ಎತ್ತರ 76.8 ಆಗಿಬಿಟ್ಟಿತ್ತು. ತೆಳು ಪ್ಲೇಟು ಇಟ್ಟಂಗಿಯ ಮೂರನೇ ಒಂದು ಪಾಲು, ಅಂದರೆ 3.2. ಆರು ಇಟ್ಟಂಗಿ, ಎರಡು ಪ್ಲೇಟು ಹಾಕಿದರೆ ಎತ್ತರವೂ ಸರಿಯಾಗಿ 64.

ಒಳಗೆಲ್ಲ ತುಂಬಿ ಕಟ್ಟಿದ್ದಕ್ಕೆ ಅಡುಗೆಮನೆಯ ತಕ್ಕಡಿ 60 ಗ್ರಾಂ ದಾಟಿತು. ಸರಿ, ನಡುವಿನಿಂದ 4 ಉಬ್ಬು ಅಗಲದ ಗುಂಡು ಭಾಗ ತೆಗೆದೆವು. ಅರ್ಧ ಅಗಲ ಖಾಲಿ ಆಯಿತಲ್ಲ, ತೂಕವೂ ಅರ್ಧ ಇಳಿಯುತ್ತೆ ಅಂದುಕೊಂಡಿದ್ದೆ. ಇಳಿದದ್ದು ಎಂಟನೇ ಒಂದು ಪಾಲು ಅಷ್ಟೇ. ಯೋಚಿಸಿದರೆ ಸರಿಯೇ: ಉದ್ದ, ಅಗಲ, ಎತ್ತರ ಮೂರೂ ಅರ್ಧ, ಅಂದರೆ ಅರ್ಧದ ಅರ್ಧದ ಅರ್ಧ. ಚೆಂಡಿನ ತೂಕವೆಲ್ಲ ಸಿಪ್ಪೆಯ ಕಡೆಗೇ ಇರುತ್ತೆ. ಗೋಡೆ ಒಂದೇ ಉಬ್ಬಿನಷ್ಟು ತೆಳುವಾದರೆ ಶೇಕಡಾ 40ರ ಹತ್ತಿರ ಇಳಿಯುತ್ತದೆ. ಆದರೆ ತಲೆ, ತಳದ ಹತ್ತಿರ ಸುತ್ತುಗಳು ಬೇಗ ಕಿರಿದಾಗುತ್ತವೆ. ಮೇಲಿನ ಇಟ್ಟಂಗಿಗೆ ಕೆಳಗೆ ಹಿಡಿದುಕೊಳ್ಳಲು ಏನೂ ಸಿಗುವುದಿಲ್ಲ. ಅಲ್ಲಿ ಅಗಲವಾದ ಪ್ಲೇಟು ಹಾಸಲೇಬೇಕು. ಹುಬ್ಬಳ್ಳಿ ದುರ್ಗದಬೈಲಿನಲ್ಲಿ ಕೊಂಡ ಅಗ್ಗದ ಇಟ್ಟಂಗಿಗಳನ್ನೂ ನಡುನಡುವೆ ಸೇರಿಸಿದ್ದೆವು. ಮೊದಲ ಏಟಿಗೇ ಚೆಂಡು ಅಲ್ಲೇ ಬಾಯಿ ಬಿಟ್ಟಿತು.

ಈ ಚೆಂಡಿನ ದೊಡ್ಡ ಕೊರತೆ ಬೇರೆ. ಮೇಲೊಂದು, ಕೆಳಗೊಂದು ಚಪ್ಪಟೆ ಜಾಗ ಉಳಿಯುತ್ತದೆ. ಎರಡು ಸುತ್ತು ಉರುಳಿ ಅಲ್ಲಿ ಕುಂತುಬಿಡುತ್ತದೆ.

ಎರಡನೆಯದು ಲೋವೆಲ್ ಗೋಳ. ಲೆಗೊ ಹುಚ್ಚಿನವರಿಗೆ ಈ ಹೆಸರು ಗೊತ್ತಿರುತ್ತದೆ. ನಡುವೆ ಒಂದು ಗಟ್ಟಿ ಗಡ್ಡೆ, ಅದರ ಆರೂ ಮುಖಕ್ಕೆ ಉಬ್ಬು. ಪ್ಲೇಟುಗಳಿಂದ ಒಂದೇ ಥರದ ಆರು ಮುಚ್ಚಳ ಮಾಡಿ ಸುತ್ತ ಕೂಡಿಸುವುದು. ಆರೂ ಕಡೆ ಒಂದೇ ಆದ್ದರಿಂದ ಮೊಟ್ಟೆಯ ಗೋಳಾಟವೇ ಇಲ್ಲ. ಅಗಲ 6.8 ಉಬ್ಬು, ಅಂದರೆ 54.4 ಮಿಲಿಮೀಟರ್. ಮೆಟ್ಟಿಲುಗಳು ಸಣ್ಣವು, ಎಲ್ಲ ಕಡೆ ಸಮ ಹಂಚಿರುತ್ತವೆ. ಸದ್ದು ಮಾಡುತ್ತಾ ಪಡಸಾಲೆಯ ಆ ತುದಿ ಮುಟ್ಟಿತು! ಆದರೆ ಹಗುರ ಅನ್ನಲಾರೆ. ಮೂರು ಪ್ಲೇಟು ಸೇರಿದರೆ ಅದೇ ಅಳತೆಯ ಒಂದು ಇಟ್ಟಂಗಿಗಿಂತ ಜಾಸ್ತಿ ತೂಗುತ್ತವೆ. ಪಕ್ಕದಲ್ಲೂ ಉಬ್ಬಿರುವ ವಿಶೇಷ ತುಂಡುಗಳು ಬೇಕು. ನಮ್ಮ ಡಬ್ಬಿಯಲ್ಲಿ ಕಡಿಮೆ ಬಿದ್ದು ಒಂದು ವಾರ ಕಾದೆವು. ಎತ್ತರದಿಂದ ಬಿದ್ದರೆ ಮುಚ್ಚಳವೊಂದು ಹಾರಿಹೋಗುತ್ತದೆ, ಅದೂ ಸೋಫಾದ ಕೆಳಗೇ ಹೋಗುತ್ತದೆ.

ಮೂರನೆಯದಕ್ಕೆ ಇಟ್ಟಂಗಿಯೇ ಇಲ್ಲ, ಲೆಗೊದ್ದೇ ಟೆಕ್ನಿಕ್ ಅನ್ನುವ ಸೆಟ್ಟಿನ ಕಡ್ಡಿಗಳು ಮತ್ತು 135 ಡಿಗ್ರಿ ಜೋಡಣೆ ತುಂಡುಗಳು. ಎಂಟು ಕಡ್ಡಿ, ಎಂಟು ಜೋಡಣೆ ಸೇರಿದರೆ ಒಂದು ಎಂಟು ಮೂಲೆ ಬಳೆ. ಅಂಥ ಮೂರು ಬಳೆ ಒಂದಕ್ಕೊಂದು ಅಡ್ಡ ಹಾಯಿಸಿ, ಕೂಡುವ ಆರು ಕಡೆ ರಬ್ಬರ್ ಬ್ಯಾಂಡ್ ಸುತ್ತಿದೆವು. ಸಣ್ಣ ತೆಂಗಿನಕಾಯಿಯಷ್ಟು ದೊಡ್ಡದಾದರೂ ತೂಕ 30 ಗ್ರಾಂ ಆಸುಪಾಸು. ಉರುಳುವಾಗ ಕುಂಟುತ್ತದೆ, ನಿಜ. ಫರಸಿಯ ಸಂದಿನಲ್ಲಿ ಒಮ್ಮೊಮ್ಮೆ ಸಿಕ್ಕಿಕೊಳ್ಳುತ್ತದೆ. ಚಾಪೆ ಮೇಲೆ ಮಾತ್ರ ಸೊಗಸು.

ಪಂದ್ಯವನ್ನೂ ಇಟ್ಟೆವು. ಪೇರಿಸಿದ ಚೆಂಡುಗಳೇ ಎರಡು, ಒಂದು ತುಂಬಿದ್ದು, ಒಂದು ತೆಳು ಗೋಡೆಯದು. ಮೆಟ್ಟಿಲು ಅಡ್ಡ ಬರಬಾರದೆಂದು ಎರಡಕ್ಕೂ ಕತ್ತರಿಸಿದ ಬಲೂನಿನ ಅಂಗಿ. ನಾಲ್ಕು ಅಡಿ ಹಲಗೆಯ ಒಂದು ತುದಿಗೆ ಪೇಡೆ ಡಬ್ಬಿ ಕೊಟ್ಟು ಒಟ್ಟಿಗೇ ಬಿಟ್ಟೆವು. "ಹಗುರಂದು ಮೊದಲ ಬರತೈತಿ" ಅಂತ ಅವನ ಪಣ. ಹಗುರದ್ದು ನಾಲ್ಕು ಇಂಚಿನಷ್ಟು ಹಿಂದೆ ಬಿತ್ತು. ಮತ್ತೆ ಬಿಟ್ಟರೂ ಅದೇ ಕಥೆ. ಇಳಿಜಾರಿನಲ್ಲಿ ತೂಕ ಎಷ್ಟು ಅನ್ನುವುದಲ್ಲ, ಅದು ನಡುವಿನಿಂದ ಎಷ್ಟು ದೂರ ಇದೆ ಅನ್ನುವುದೇ ಲೆಕ್ಕ. ಪೂರ್ತಿ ಸಿಪ್ಪೆಯಷ್ಟೇ ಇರುವ ಚೆಂಡಿನ ವೇಗ ಏರುವುದು ತುಂಬಿದ್ದರ ಶೇಕಡಾ 84ರಷ್ಟು ಮಾತ್ರ. ಅವನಿಗೆ ಈ ಲೆಕ್ಕ ಒಪ್ಪಿಗೆಯಾಗಲಿಲ್ಲ, ಬಲೂನಿನದೇ ತಪ್ಪು ಅಂದ.

ಡಬ್ಬಿಯಲ್ಲಿ ಸಾದಾ ಇಟ್ಟಂಗಿ ಅಷ್ಟೇ ಇದ್ದರೆ ಪೇರಿಸಿ, ಆದರೆ 6 ಇಟ್ಟಂಗಿ 2 ಪ್ಲೇಟಿನ ಲೆಕ್ಕ ಮರೀಬೇಡಿ. ಉರುಳುವ ಸುಖಕ್ಕೆ ನನ್ನ ಮತ ಲೋವೆಲ್ ಗೋಳಕ್ಕೆ, ಅದೀಗ ನನ್ನ ಮೇಜಿನ ಮೇಲಿದೆ. ಹುಡುಗ ಆರಿಸಿಕೊಂಡದ್ದು ಕುಂಟುವ ಬಳೆ ಚೆಂಡು. ಅದರೊಳಗೆ ಗೆಜ್ಜೆ ಕಟ್ಟಿ ಬೆಕ್ಕಿನ ಮುಂದೆ ಬಿಟ್ಟಿದ್ದಾನೆ.